ಕೊಥೀದೋ ಮತ್ತು ಎರಡನೇ ಪಾತ್ರೆ

ಕಾಬೂಲಿ ಕಡಲೆ ಅಂದ್ರೆ ನಮಗೆ ಛೋಲೆ ನೆನಪಾಗತ್ತೆ. ಮ್ಯಾಡ್ರಿಡ್‌ನವರಿಗೆ ಕೊಥೀದೋ. ಹಾಗಂದ್ರೆ ಸ್ಪ್ಯಾನಿಷ್‌ನಲ್ಲಿ 'ಬೇಯಿಸಿದ್ದು' ಅಂತಷ್ಟೇ ಅರ್ಥ. ಎಂಥಾ ಬಡಪಾಯಿ ಹೆಸರು! ಪಾತ್ರೆಯೊಳಗೆ ಮಾತ್ರ ಬಡತನವಿಲ್ಲ. ದನದ ಮಾಂಸ, ಕೋಳಿ, ಮಜ್ಜೆಯಿರುವ ಎಲುಬು, ಹಂದಿಕೊಬ್ಬು, ಹ್ಯಾಮಿನ ಎಲುಬು, ಚೊರೀಥೋ ಅನ್ನೋ ಕೆಂಪು ಸಾಸೇಜು, ರಕ್ತದಿಂದ ಮಾಡುವ ಕಪ್ಪು ಸಾಸೇಜು...

ಕೆಳಗಿನ ಮನೆಯ ಅಜ್ಜಿಗೆ ಸೊಂಟದ ಆಪರೇಷನ್ ಆದ ಮೇಲೆ ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಹಾಗಾಗಿ ಈ ಚಳಿಗಾಲದ ಭಾನುವಾರಗಳಲ್ಲಿ ಅವರು ಕುರ್ಚಿ ಮೇಲೆ ಕೂತು ಹೇಳೋದು, ನಾನು ಮಾಡೋದು. ದನ, ಹಂದಿ ಎರಡನ್ನೂ ತಿನ್ನದ ನಾನು!

ಕಡಲೆಯನ್ನ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೇಯೋಕೆ ಹಾಕೋದು ಬಿಸಿನೀರಿಗೇ, ತಣ್ಣೀರಿಗಲ್ಲ. ಮಧ್ಯೆ ನೀರು ಕಡಿಮೆಯಾದ್ರೂ ಬಿಸಿನೀರೇ ಸೇರಿಸಬೇಕು, ಇಲ್ಲಾಂದ್ರೆ ಕಡಲೆ ಕಲ್ಲಾಗತ್ತೆ ಅಂತ ಅಜ್ಜಿ. ಮಾಂಸ ತೆಗೆಯುವಾಗ ಚದುರದಿರಲಿ ಅಂತ ಕಡಲೆಯನ್ನ ಬಲೆಚೀಲದಲ್ಲಿ ಕಟ್ಟಿ ಇಳಿಬಿಡ್ತಾರೆ. ಮೇಲೆ ಬರುವ ನೊರೆ ತೆಗೀತಾ ಸಣ್ಣ ಉರಿಯಲ್ಲಿ ಮೂರು ಗಂಟೆ. ಎಲೆಕೋಸನ್ನ ಬೇರೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ. "ಕುಕ್ಕರಲ್ಲಿ ಕೂಗಿಸಿದ್ರೆ?" ಅಂದೆ. ಅಜ್ಜಿ ನೋಡಿದ ನೋಟ ಬರೆಯೋಕಾಗಲ್ಲ :-)

ಬಡಿಸೋದು ಮೂರು ಸಲ. ಮೊದಲು ಆ ಸಾರಿಗೆ ಸಣ್ಣ ಶಾವಿಗೆ ಹಾಕಿ ಸೂಪು, ಆಮೇಲೆ ಕಡಲೆ-ತರಕಾರಿ, ಕೊನೆಗೆ ಮಾಂಸ. ಲೆಯೋನ್ ಪ್ರಾಂತ್ಯದ ಅಸ್ತೋರ್ಗಾ ಕಡೆ ಎಲ್ಲ ಉಲ್ಟಾ: ಮೊದಲು ಮಾಂಸ, ಕೊನೆಗೆ ಸೂಪು. ಉಳಿಯೋದಾದ್ರೆ ಸಾರು ಉಳೀಲಿ ಅನ್ನೋ ಲೆಕ್ಕ. ನನಗೇನೋ ಇದೇ ಜಾಣತನ ಅನ್ಸತ್ತೆ.

ಇದರ ಮೂಲ ಯಹೂದಿಗಳ ಅದಫೀನಾ ಅಂತ ಹಲವು ಆಹಾರ ಇತಿಹಾಸಕಾರರು ಹೇಳ್ತಾರೆ. ಶನಿವಾರ ಒಲೆ ಹಚ್ಚುವ ಹಾಗಿಲ್ಲ, ಅದಕ್ಕೆ ಶುಕ್ರವಾರ ಸಂಜೆಯೇ ಕಡಲೆ, ಕುರಿಮಾಂಸ ಕೆಂಡದ ಮೇಲಿಟ್ಟು ಬಿಡ್ತಿದ್ರು. 1492ರಲ್ಲಿ ರಾಜಾಜ್ಞೆ ಬಂತು: ಮತ ಬದಲಿಸಿ, ಇಲ್ಲ ದೇಶ ಬಿಡಿ. ಉಳಿದವರ ಮೇಲೆ ಇನ್‌ಕ್ವಿಸಿಷನ್ನಿನ ಕಣ್ಣು. ಮನೆಗೆಲಸದವರು ಬಂದು "ಇವರು ಶುಕ್ರವಾರವೇ ಶನಿವಾರದ ಅಡುಗೆ ಮಾಡ್ತಾರೆ, ಹಂದಿ ಮುಟ್ಟಲ್ಲ" ಅಂದ್ರೆ ಅದೇ ಸಾಕ್ಷಿ. ಪಾತ್ರೆಗೆ ಹಂದಿ ಬಿದ್ದದ್ದು ಹೀಗೆ, ಜೀವಭಯದಿಂದ ಅನ್ನೋ ವಾದವೂ ಇದೆ.

ಇದನ್ನೆಲ್ಲ ಓದಿದ ಮೇಲೆ ಆ ಹಂದಿಕೊಬ್ಬಿನ ತುಂಡು ಕೈಯಲ್ಲಿ ಹಿಡಿದಾಗ ಏನೋ ಒಂಥರಾ ಆಗತ್ತೆ.

ನಾನು ತಿನ್ನಲ್ಲ ಅಂತ ಅಜ್ಜಿಗೆ ಮೊದಲ ವಾರವೇ ಹೇಳಿದ್ದೆ. ಅವರು ಏಕೆ ಅಂತ ಕೇಳಲಿಲ್ಲ. ನೆನೆದ ಕಡಲೆಯಲ್ಲಿ ಎರಡು ಹಿಡಿ ತೆಗೆಸಿ, "ಆ ಸಣ್ಣ ಪಾತ್ರೆ ಇಡು, ಇಹಾ" ಅಂದ್ರು. ಇಹಾ ಅಂದ್ರೆ ಮಗಳೇ. ಅದಕ್ಕೆ ಪಾಲಕ್, ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ. ಈಸ್ಟರ್ ಮುಂಚಿನ ಶುಕ್ರವಾರಗಳಲ್ಲಿ ಮಾಂಸ ವರ್ಜ್ಯವಾದ್ದರಿಂದ ಅವರಲ್ಲೂ ಕಡಲೆ-ಪಾಲಕ್ ಮಾಡ್ತಾರಂತೆ, ಕಾಡ್ ಮೀನು ಹಾಕಿ. ನನ್ನದಕ್ಕೆ ಮೀನು ಬೇಡ ಅಂತ ಅವರೇ ತೀರ್ಮಾನಿಸಿದ್ರು. "ಇದು ಕೊಥೀದೋ ಅಲ್ಲ ಬಿಡು, ಆದ್ರೂ ತಿನ್ನು" ಅಂತ ಒಂದು ಮಾತು ಸೇರಿಸಿ!

ಒಂದೇ ಒಲೆ ಮೇಲೆ ಎರಡು ಪಾತ್ರೆ. ಐನೂರು ವರ್ಷದ ಹಿಂದಾಗಿದ್ದರೆ ಪಕ್ಕದ ಮನೆಯವರಿಗೆ ಅಷ್ಟೇ ಸಾಕಿತ್ತು.

ಅವರ ಪಾತ್ರೆಯಲ್ಲಿ ಉಳಿದದ್ದನ್ನ ಸೋಮವಾರ ಬಾಣಲೆಯಲ್ಲಿ ಹುರೀತಾರೆ. ಅದರ ಹೆಸರು 'ರೋಪಾ ವಿಯೇಹಾ', ಹಳೇ ಬಟ್ಟೆ! ನನ್ನ ಪಾಲಿನ ಕಡಲೆಗೆ ನಾನು ಸಾಸಿವೆ, ಇಂಗು, ಕಾಯಿತುರಿ ಹಾಕಿ ಉಸಲಿ ಮಾಡಿ ಕೆಳಗೆ ಒಂದು ಬಟ್ಟಲು ಕಳಿಸ್ತೀನಿ. ಇಂಗು ಮಾತ್ರ ಅಜ್ಜಿಗೆ ಇನ್ನೂ ಹಿಡಿಸಿಲ್ಲ.