ಹಸಿದಷ್ಟೂ ಹೊಳೆಯುವ ಹುಳು

2000ದಲ್ಲಿ ಬಂದ ‘ಕಹೋ ನಾ... ಪ್ಯಾರ್ ಹೈ’ ಚಿತ್ರ ಮರೆಯೋದುಂಟೇ? ಹೃತಿಕ್ ರೋಷನ್, ಹಡಗು, ಸಮುದ್ರ, ಆಮೇಲೆ ನ್ಯೂಜಿಲೆಂಡ್! ಟಿವಿಯಲ್ಲಿ ಬಂದಾಗಲೆಲ್ಲ ಬಾಯಿಬಿಟ್ಟು ನೋಡಿದವನು ನಾನು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೂ ಆ ದೇಶ ನೋಡುವ ಯೋಗ ಬಂತು ಅಂದರೆ ನಂಬ್ತೀರಾ? ಆಕ್ಲೆಂಡಿನಲ್ಲಿ ಕೆಲಸಕ್ಕಿರುವ ದೊಡ್ಡಪ್ಪನ ಮಗ ಕರೆಸಿಕೊಂಡ, ಹಡಗನ್ನೂ ಹತ್ತಿಸಿದ. ಖರ್ಚು ಅವನದು, ಬೆರಗು ನನ್ನದು!

ಹಡಗು ‘ಬೇ ಆಫ್ ಐಲೆಂಡ್ಸ್’ನಲ್ಲಿ ಲಂಗರು ಹಾಕಿತು. ದೊಡ್ಡ ಹಡಗು ದಡಕ್ಕೆ ಬರೋದಿಲ್ಲ. ಸಣ್ಣ ದೋಣಿಗಳಲ್ಲಿ ವೈಟಾಂಗಿಗೆ ಇಳಿಸ್ತಾರೆ. ಮಾವೋರಿ ಮುಖಂಡರೂ ಬ್ರಿಟಿಷರೂ 1840ರ ಫೆಬ್ರವರಿ 6ರಂದು ಒಪ್ಪಂದಕ್ಕೆ ಸಹಿ ಹಾಕಿದ ಜಾಗ ಅದು. ಸಂಜೆಯೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಹಡಗು ಕಾಯೋದಿಲ್ಲ.

ಸಾವಿರ ವರ್ಷದ ಮರ

ಮೊದಲು ಪುಕೇಟಿ ಕಾಡು. ಅಲ್ಲಿನ ಕೌರಿ ಮರಗಳಿಗೆ ಸಾವಿರ ವರ್ಷ ಆಯಸ್ಸು ದೊಡ್ಡದಲ್ಲ. ಕೆಳಗಿನ ಕೊಂಬೆಗಳನ್ನು ತಾನೇ ಉದುರಿಸಿಕೊಂಡು ಕಂಬದ ಹಾಗೆ ನೆಟ್ಟಗೆ ಏರುವ ಮರ. ಹಡಗಿನ ಪಟಸ್ತಂಭಕ್ಕೆ, ಮನೆಗೆ ಅಂತ ಬಿಳಿಯರು ಕಡಿದು ಕಡಿದು ಉಳಿಸಿದ್ದು ಸ್ವಲ್ಪ. ಈಗ ಮಣ್ಣಿನಲ್ಲಿ ಹರಡುವ ರೋಗವೊಂದು ಬೇರನ್ನೇ ತಿನ್ನುತ್ತಿದೆ. ಅದಕ್ಕೇ ಬೂಟು ಉಜ್ಜಿ, ಔಷಧಿ ಹಾಕಿಕೊಂಡೇ ಕಾಡಿಗೆ ಕಾಲಿಡಬೇಕು. ದೇವಸ್ಥಾನಕ್ಕೆ ಕಾಲು ತೊಳೆದು ಹೋದ ಹಾಗಾಯ್ತು.

ಗುಹೆಯಲ್ಲಿ ಫಸ್ಟ್ ಶೋ

ಅಲ್ಲಿಂದ ಕವಾಕವಾ ಊರಿನ ಹತ್ತಿರ ಕವಿತಿ ಗುಹೆಗೆ. 1845-46ರಲ್ಲಿ ಬ್ರಿಟಿಷರ ಮೇಲೆ ಯುದ್ಧ ಮಾಡಿದ ಮಾವೋರಿ ನಾಯಕ ಕವಿತಿಯ ವಂಶದವರೇ ಗುಹೆ ತೋರಿಸ್ತಾರೆ. ಫೋಟೋ ತೆಗೆಯೋ ಹಾಗಿಲ್ಲ. ಒಳಗೆ ಹೋದ ಮೇಲೆ ದೀಪ ಆರಿಸಿದರು. ಕತ್ತಲೆ ಅಂದರೆ ಕತ್ತಲೆ! ನಿಧಾನವಾಗಿ ತಲೆಯ ಮೇಲೆ ನೀಲಿ ಹಸಿರು ಚುಕ್ಕಿಗಳು... ನೂರು, ಸಾವಿರ... ಆಕಾಶವೇ ಇಳಿದ ಹಾಗೆ.

“ಥಿಯೇಟರ್ ಥರ ಇಲ್ವೇನೋ?” ಅಂದ ಅಣ್ಣ ಪಿಸುದನಿಯಲ್ಲಿ.

“ಹೌದಣ್ಣ, ಶಿಳ್ಳೆ ಒಂದಿಲ್ಲ,” ಅಂದೆ.

ಇದು ನಮ್ಮ ಮಿಣುಕುಹುಳು ಅಲ್ಲ. ನಮ್ಮದು ದುಂಬಿಯ ಜಾತಿ. ಇದು ಸೊಳ್ಳೆಯಂಥ ನೊಣವೊಂದರ ಮರಿ. ಗುಹೆಯ ಚಾವಣಿಗೆ ಅಂಟಿಕೊಂಡು ರೇಷ್ಮೆ ಎಳೆಗಳನ್ನು ಇಳಿಬಿಡುತ್ತೆ. ಎಳೆಯುದ್ದಕ್ಕೂ ಅಂಟಿನ ಹನಿ. ಬೆಳಕು ಕಂಡು ಹಾರಿ ಬಂದ ಪುಟ್ಟ ಹುಳ ಸಿಕ್ಕಿಬಿತ್ತು, ಮುಗೀತು. ಎಳೆಯನ್ನು ಮೇಲಕ್ಕೆಳೆದು ತಿಂದುಬಿಡುತ್ತೆ. ಇನ್ನೊಂದು ಮಾತು: ಹೊಟ್ಟೆ ಹಸಿದಷ್ಟೂ ಬೆಳಕು ಜಾಸ್ತಿ!

ಆಗ ನೆನಪಾದವನು ನನ್ನ ಜೊತೆ ಓದಿದ ಗೆಳೆಯ. ನೋಡೋಕೆ ಚೆಲುವ. ‘ಹೀರೋ ಮಾಡ್ತೀವಿ’ ಅಂದವರೊಬ್ಬರ ಕೈಗೆ, ಅಪ್ಪ ಎಮ್ಮೆ ಮಾರಿದ ದುಡ್ಡು ಇಟ್ಟ. ಫೋಟೋ ತೆಗೆದರು, ಡೈಲಾಗ್ ಹೇಳಿಸಿದರು, ಮುಹೂರ್ತದ ದಿನವನ್ನೂ ಗೊತ್ತುಮಾಡಿದರು. ಆ ದಿನ ಹೋದರೆ ಆಫೀಸಿಗೆ ಬೀಗ! ಊರಿಗೆ ಮುಖ ತೋರಿಸಲಾರದೆ ಮೂರು ವರ್ಷ ಗಾಂಧಿನಗರದಲ್ಲಿ ಅಲೆದ. ಈಗ ಗ್ಯಾರೇಜೊಂದರಲ್ಲಿ ಇದ್ದಾನೆ. ಅಪ್ಪ ಮಗನ ಮಾತು ಇನ್ನೂ ಶುರುವಾಗಿಲ್ಲ.

ಆದರೆ ಹೊಳೆಯುವ ಹುಳುವಿನ ಪಾಡೂ ಸುಖದ್ದಲ್ಲ ಸ್ವಾಮಿ. ಸುಮಾರು 9 ತಿಂಗಳು ತಿಂದು ಬೆಳೆದು ರೆಕ್ಕೆ ಬಂದಾಗ ಅದಕ್ಕೆ ಉಣ್ಣಲು ಬಾಯೇ ಇರೋದಿಲ್ಲ. ಆಮೇಲೆ ಬದುಕು ಕೆಲವೇ ದಿನ. ಒಂದೇ ಚಿತ್ರದ ಹೀರೋಗಳನ್ನು ನಾನು ಸಂದರ್ಶನ ಮಾಡಿದ್ದೇನೆ. ಪೋಸ್ಟರಿನಲ್ಲಿ ಮುಖ ಫಳಫಳ. ಎದುರು ಕೂತರೆ ಕಣ್ಣಲ್ಲಿ ಎರಡನೇ ಚಿತ್ರದ ಹಸಿವು.

ಬೆಳಕಿನ ಕಡೆ ಹೋಗಬೇಡಿ ಅನ್ನೋಕೆ ನಾನ್ಯಾರು? ನಾನೂ ಅದನ್ನು ನೋಡಿಯೇ ಪತ್ರಿಕೆಗೆ ಬಂದವನು. ಹೋಗಿ, ಧೈರ್ಯವಾಗಿ ಹೋಗಿ. ಆದರೆ ದುಡ್ಡು ಕೇಳಿದ ಕಡೆ ತಲೆಯೆತ್ತಿ ಎಳೆ ಎಲ್ಲಿದೆ ನೋಡಿ. ನಿಜವಾಗಿ ಚಾನ್ಸ್ ಕೊಡುವವನು ಸಂಬಳ ಕೊಡ್ತಾನೆ, ಕೇಳೋದಿಲ್ಲ. ಅಪ್ಪನ ಎಮ್ಮೆ ಕೊಟ್ಟಿಗೆಯಲ್ಲೇ ಇರಲಿ.