ಪೆಟ್ಟಿಗೆಯೊಳಗಿನ ಕರಿಬೇವು

ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚು. ಸಾರಿನ ಪುಡಿ, ಚಟ್ನಿಪುಡಿ, ಅಂಟಿನುಂಡೆ, ಮಿಡಿ ಉಪ್ಪಿನಕಾಯಿ, ಎಲ್ಲದರ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವು. ಆ ಕಡೆಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಎತ್ತಿ ಕಸದ ತೊಟ್ಟಿಗೆ ಹಾಕಿದರೆ ಆಕೆಯ ಹೊಟ್ಟೆ ಉರಿಯುವುದು ಸಹಜ. ಹಾಗಿದ್ದೂ ಆ ಅಧಿಕಾರಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಕೊಡಗಿನ ಕಿತ್ತಳೆ ನೆನಪಾಗುತ್ತದೆ.

ಸಿಪ್ಪೆ ಸಡಿಲವಾದ, ಹುಳಿ-ಸಿಹಿ ಬೆರೆತ ಆ ಹಣ್ಣು ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಬರುತ್ತಿತ್ತು. ಕಾಫಿ ತೋಟಗಳ ನಡುವಿನ ಆ ಮರಗಳು ಸೊರಗಿದ್ದಕ್ಕೆ ಕಾರಣಗಳು ಹಲವು. ಗ್ರೀನಿಂಗ್ ರೋಗ ಅವುಗಳಲ್ಲಿ ದೊಡ್ಡದು. ರೋಗಾಣು ಮರದ ನಾಳಗಳಿಗೆ ಇಳಿಯಿತೆಂದರೆ ಎಲೆ ಹಳದಿಯಾಗುತ್ತದೆ, ಕಾಯಿ ಹಣ್ಣಾಗದೆ ಕಹಿಯಾಗಿ ಉದುರುತ್ತದೆ. ಮದ್ದಿಲ್ಲ. ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ಎಳ್ಳುಕಾಳಿನಷ್ಟಿರುವ ಸಿಲ್ಲಿಡ್ ಎಂಬ ಕೀಟ. ಕರಿಬೇವು ಕಿತ್ತಳೆ-ನಿಂಬೆಗಳ ಕುಟುಂಬದ್ದೇ ಆದ್ದರಿಂದ ಆ ಕೀಟಕ್ಕೆ ಅದರ ಚಿಗುರೆಂದರೆ ಪ್ರಾಣ. ಮೊಟ್ಟೆ ಇಡುವುದೂ ಅಲ್ಲೇ. ಕರಿಬೇವಿಗೆ ಮಾತ್ರ ಆ ರೋಗದ ಬಾಧೆ ಇಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಹಸಿರಾಗಿ, ಆರೋಗ್ಯವಾಗಿ ಕಾಣುವ ಎಸಳಿನಲ್ಲೂ ಕೀಟದ ಮೊಟ್ಟೆ ಇರಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಈ ಕೀಟ 1998ರಲ್ಲಿ ಕಂಡಿತು, ರೋಗ 2005ರಲ್ಲಿ. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ ಇಪ್ಪತ್ತು ವರ್ಷಗಳಲ್ಲಿ 2 ಕೋಟಿಗೂ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಇದೆ, ನಿಜ. ಆದರೆ ತೋಟ ಕಳೆದುಕೊಂಡ ರೈತನ ಸಂಕಟ ಮಡಿಕೇರಿಯಲ್ಲೊಂದು, ಫ್ಲೋರಿಡಾದಲ್ಲೊಂದು ಎಂದಿಲ್ಲವಲ್ಲ!

ಧಾರವಾಡದ ಪೇಡೆಗೂ ಇಂಥದ್ದೇ ಒಂದು ಅಡ್ಡಿ ಇದೆ. ಹಾಲಿನ ಸಿಹಿತಿಂಡಿಯನ್ನು ಭಾರತದಿಂದ ಆಸ್ಟ್ರೇಲಿಯಕ್ಕೆ ಒಯ್ಯುವಂತಿಲ್ಲ. ಹಾಲಿನ ಪದಾರ್ಥದ ಜೊತೆಗೆ ದನಗಳ ಕಾಲುಬಾಯಿ ಜ್ವರವೂ ಬಂದೀತೆಂಬ ಹೆದರಿಕೆ ಅವರದು. ಅಲ್ಲಿ ಆ ಜ್ವರ ಕೊನೆಯ ಸಲ ಕಾಣಿಸಿದ್ದು 1872ರಲ್ಲಿ. ನಮ್ಮಲ್ಲಿ 2013ರಲ್ಲಿ ಆ ಜ್ವರ ಬಂದಾಗ ಕೊಟ್ಟಿಗೆಗಳು ಬರಿದಾದದ್ದನ್ನು ದಕ್ಷಿಣದ ಜಿಲ್ಲೆಗಳ ಹೈನುಗಾರರು ಮರೆತಿಲ್ಲ. ಆ ನೋವು ಬಲ್ಲ ನಾವು ಅವರ ಹೆದರಿಕೆಯನ್ನು ಅತಿಯೆನ್ನಬಾರದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ನಮ್ಮ ಹಿರಿಯರ ರಕ್ತದಲ್ಲೇ ಇದೆ. ಅದಕ್ಕೇ ಅವರು ಆಸ್ಟ್ರೇಲಿಯದಲ್ಲಿ ಇಳಿಯುವಾಗ ತುಂಬಿಕೊಡುವ ಕಾರ್ಡಿನಲ್ಲಿ ‘ತಿನ್ನುವ ಪದಾರ್ಥ ಇದೆಯೇ?’ ಎಂದು ಕೇಳಿದ ಕಡೆ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ. ಆದರೆ ಅಲ್ಲಿ ಹೇಳಿಕೊಳ್ಳುವುದೇ ಕ್ಷೇಮ. ‘ಇದೆ’ ಎಂದು ಬರೆದು ತೋರಿಸಿದರೆ ದಂಡವಿಲ್ಲ. ಒಯ್ಯಬಹುದಾದದ್ದನ್ನು ಬಿಡುತ್ತಾರೆ, ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ವೀಸಾ ರದ್ದಾಗುವುದೂ ಉಂಟು. ಇಂಗ್ಲಿಷ್ ಓದಲು ಬಾರದ ಅಪ್ಪ-ಅಮ್ಮನಿಗೆ ಇದನ್ನು ಮುಂಚೆಯೇ ಫೋನಿನಲ್ಲಿ ಬಿಡಿಸಿ ಹೇಳಬೇಕಾದವರು ಮಕ್ಕಳು. ಟಿಕೆಟ್ಟು ಕಳಿಸಿದರೆ ಮುಗಿಯಿತೆಂದುಕೊಳ್ಳುವ ಮಕ್ಕಳ ಮೇಲೆ ನನಗೆ ಸಿಟ್ಟು ಬರುತ್ತದೆ.

ತಿಪಟೂರಿನ ಕೊಬ್ಬರಿ ಗಿಟಕನ್ನಂತೂ ಮನೆಯಲ್ಲೇ ಬಿಡಿ. ಎಣ್ಣೆಯಂಶದಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದವರೇ ಇಲ್ಲಿ ತಡೆಯುತ್ತಾರೆ.

ಗಲ್ಫಿಗೆ ಹೊರಟವರ ವಿಷಯ ಇನ್ನೂ ಗಂಭೀರ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಒಂದೇ ಡಬ್ಬಿಗೆ ಸುರಿದುಕೊಂಡರೆ ಯಾವುದು ಯಾವುದೆಂದು ಯಾರು ಹೇಳಬೇಕು? ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆಗೆ ಯುಎಇಯಲ್ಲಿ ಮುಂಚಿತವಾಗಿ ಅನುಮತಿ ಬೇಕು. ಇನ್ನು ಗಸಗಸೆ. ನಮ್ಮ ಹಬ್ಬದ ಪಾಯಸದ ಆ ಬಿಳಿ ಕಾಳು ಅಫೀಮಿನ ಗಿಡದ್ದೇ ಬೀಜ. ಇಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಯುಎಇ, ಸೌದಿ, ಸಿಂಗಾಪುರಗಳಲ್ಲಿ ಅದು ಮಾದಕವಸ್ತುವಿನ ಲೆಕ್ಕಕ್ಕೆ ಸೇರಿ ಜೈಲಿನವರೆಗೂ ಎಳೆದೊಯ್ಯಬಹುದು. ಮಸಾಲೆ ಪುಡಿಗೆ ಸೇರಿಸಿದ್ದರೂ ಬೇಡ. ಮೊಮ್ಮಗುವಿನ ನಾಮಕರಣಕ್ಕೆ ದುಬೈಯಲ್ಲಿ ಪಾಯಸ ಮಾಡಬೇಕೆಂದಿದ್ದರೆ ಹೆಸರುಬೇಳೆಯದ್ದು ಮಾಡಿ, ಅಮ್ಮ. ಬೇಳೆ, ಬೆಲ್ಲ, ಏಲಕ್ಕಿ ಎಲ್ಲವೂ ಅಲ್ಲಿನ ಅಂಗಡಿಯಲ್ಲೇ ಸಿಗುತ್ತವೆ.