ಸೋರೆಕುಂಟೆಯಲ್ಲಿ ಮ್ಯಾಚ್ ಇಲ್ಲದ ದಿನ

"ಎಫ್‌ಡಿ ಮುರಿಸಿ ಸೋರೆಕುಂಟೆ ಹತ್ರ ಒಂದು ಸೈಟ್ ತಗೊಳ್ಳೋಣ ಅಂತಿದ್ದೀನಿ, ಬಂದು ನೋಡು" ಅಂತ ಗುಬ್ಬಿಯ ಮಾವ ಫೋನ್ ಮಾಡಿದ್ರು. ಕಾರಣ ಕ್ರಿಕೆಟ್! ಅಲ್ಲಿ ಸುಮಾರು 41 ಎಕರೆಯಲ್ಲಿ ಕೆಎಸ್‌ಸಿಎ ಕಟ್ಟಲಿರುವ ಅಂತರರಾಷ್ಟ್ರೀಯ ಸ್ಟೇಡಿಯಂಗೆ 2024ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಶಂಕುಸ್ಥಾಪನೆ ಮಾಡಿದ್ರಲ್ಲ, ಅದೇ.

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬೈಕ್ ಹತ್ತಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲದೆ ಮುಂದೆ ಹೋದ್ರೆ ಊರಿನವರು ಕ್ಷಮಿಸಲ್ಲ. ಮಾವ ಅಲ್ಲೇ ಕಾಯ್ತಿದ್ರು. ಎಂಟು ಗಂಟೆಗೇ ಟೇಬಲ್ ಖಾಲಿ ಇಲ್ಲ. ಸಿದ್ಧಗಂಗಾ ಮಠಕ್ಕೆ ಹೊರಟವರು, ಹೈವೇ ಕಾರಿನವರು, ಪಾರ್ಸೆಲ್‌ನವರು. ಇಲ್ಲಿ ದಿನಾ ಮ್ಯಾಚ್!

ತುಮಕೂರು ದಾಟಿ ಶಿರಾ ದಾರಿ ಹಿಡಿದ್ರೆ ವಸಂತನರಸಾಪುರದ ಫ್ಯಾಕ್ಟರಿಗಳ ಲಾರಿ ಸಾಲು. ಸೋರೆಕುಂಟೆ ಇದರ ಹತ್ತಿರವೇ. ಟೀ ಅಂಗಡಿಯವರನ್ನ ಸ್ಟೇಡಿಯಂ ಬಗ್ಗೆ ಕೇಳಿದೆ. "ಬರ್ಲಿ ಅಣ್ಣ, ಒಳ್ಳೇದೇ. ಆದ್ರೆ ನಮ್ ಗಲ್ಲಾ ತುಂಬ್ಸೋದು ಶಿಫ್ಟ್ ಮುಗಿಸ್ಕೊಂಡು ಬರೋ ಹುಡುಗ್ರು" ಅಂದ್ರು.

ಮಾವನಿಗೆ ಲೆಕ್ಕ ಹೇಳಿದೆ. ಐಪಿಎಲ್ ಲೀಗ್‌ನಲ್ಲಿ ಒಂದು ತಂಡಕ್ಕೆ ಸ್ವಂತ ನೆಲದಲ್ಲಿ ಸಿಗೋದೇ ಏಳು ಮ್ಯಾಚ್. ಚಿನ್ನಸ್ವಾಮಿ ಸುತ್ತ ಉಳಿದ ದಿನ ಆಫೀಸು, ಮೆಟ್ರೋ, ಎಂಜಿ ರೋಡ್ ಇದೆ. ಇಲ್ಲೇನಿದೆ? ಅಮೆರಿಕದ ಅರ್ಥಶಾಸ್ತ್ರಜ್ಞರಾದ ರೋಜರ್ ನೋಲ್, ಆಂಡ್ರ್ಯೂ ಜಿಂಬಲಿಸ್ಟ್ 1997ರಲ್ಲೇ ಅಲ್ಲಿನ ಸ್ಟೇಡಿಯಂಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದ್ರು. ಊರವರು ಸಿನಿಮಾಕ್ಕೋ ಹೋಟೆಲ್‌ಗೋ ಹಾಕ್ತಿದ್ದ ದುಡ್ಡೇ ಟಿಕೆಟ್‌ಗೆ ಹೋಗುತ್ತೆ, ಹೊಸ ದುಡ್ಡು ಬರೋದು ಕಡಿಮೆ ಅಂತ. ಹೊರಗಿನವರು ಬಂದು ರಾತ್ರಿ ಉಳಿದ್ರೆ ಬೇರೆ ಮಾತು. ಆದ್ರೆ ಬೆಂಗಳೂರು ಅಷ್ಟೇನೂ ದೂರ ಇಲ್ಲ. ಕೊನೇ ಬಾಲ್ ಆಗ್ತಿದ್ದಂಗೇ ಎಲ್ಲರೂ ಟೋಲ್ ಕ್ಯೂನಲ್ಲಿ!

"ನಮ್ಮ ಚನ್ನಬಸವೇಶ್ವರ ಜಾತ್ರೇಲೂ ನಾಲ್ಕೇ ದಿನ ವ್ಯಾಪಾರ ಕಣೋ. ಅಂಗಡಿ ಹಾಕೋರು ಬದುಕಲ್ವಾ?" ಅಂದ್ರು ಮಾವ.

"ಅವರು ಅಂಗಡಿ ಕಿತ್ತು ಮುಂದಿನ ಜಾತ್ರೆಗೆ ಹೋಗ್ತಾರೆ ಮಾವ. ನೀವು ಸೈಟ್ ಎತ್ಕೊಂಡು ಎಲ್ಲಿಗೆ ಹೋಗ್ತೀರಾ?"

ಸ್ಟೇಡಿಯಂ ಬೇಡ ಅಂತಲ್ಲ. ಒಳ್ಳೆ ಟರ್ಫ್‌ಗಾಗಿ ಬೆಂಗಳೂರಿಗೆ ಅಲೆಯೋ ಪಾವಗಡ, ಕುಣಿಗಲ್ ಹುಡುಗ ಹುಡುಗೀರಿಗೆ ವರ್ಷವಿಡೀ ಬಾಗಿಲು ತೆಗೆದ್ರೆ ಅದೇ ದೊಡ್ಡ ಲಾಭ. ಆ ಮಕ್ಕಳ ಜೊತೆ ಬರೋ ಅಪ್ಪ ಅಮ್ಮ ಟೀ ಕುಡೀತಾರೆ, ರೂಮ್ ಹಿಡೀತಾರೆ. ವಿಐಪಿ ಬಾಕ್ಸ್‌ಗಿಂತ ನಂಗೆ ಪ್ರಾಕ್ಟೀಸ್ ನೆಟ್ ಮೇಲೇ ನಂಬಿಕೆ.

ಮಾವ ಬ್ರೋಕರ್ ಫೋನ್ ಎರಡು ಸಲ ಕಟ್ ಮಾಡಿದ್ರು. "ಎಫ್‌ಡಿ ಇನ್ನೊಂದು ವರ್ಷ ಇರ್ಲಿ ಬಿಡು. ಆದ್ರೆ ಮೊದಲ ಮ್ಯಾಚ್ ಟಿಕೆಟ್ ಮಾತ್ರ ನಿಂದೇ."